ಆಯುಧಪೂಜೆಯ ಲ್ಯಾಪ್‌ಟಾಪ್

ಡೊಂಬಿವಲಿ ಪೂರ್ವ
ಆಯುಧಪೂಜೆ, ೨೦೧೬

ತಾರಾನಾಥರೇ,

ಗಂಡನ ಹೆಸರು ಹಿಡಿದು ಕರೆದೆನೆಂದು ಬೈಯಲು ಈಗ ನಿಮ್ಮ ಅಮ್ಮನೂ ಇಲ್ಲ, ನೀವೂ ಇಲ್ಲ. "ರೀ" ಎಂದರೆ ಪೇಪರಿನ ಹಿಂದೆ ಅಡಗುತ್ತಿದ್ದವರು ಈಗ ಫೋಟೊದ ಹಿಂದೆ ಅಡಗಿದ್ದೀರಿ. ಆದರೂ ಹೇಳುತ್ತೇನೆ, ಕೇಳಿ.

ನಿಮ್ಮ ಲ್ಯಾಪ್‌ಟಾಪ್ ಕೈಕೊಟ್ಟಿತ್ತು. ವಾಗ್ಳೆ ಎಸ್ಟೇಟಿನ ಆಫೀಸಿಗೆ ನಿಮ್ಮ ಜೊತೆ ವರ್ಷಗಟ್ಟಲೆ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡ ಮುದಿ ಪ್ರಾಣಿ. ನಿಮ್ಮ ದನಿ ಉಳಿದಿರುವುದು ಅದರಲ್ಲಿ ಮಾತ್ರ. ಕಳೆದ ವರ್ಷದ ಆಯುಧಪೂಜೆಯಂದು ನಮ್ಮ ಪ್ರಣೀತಾ ಅದರದೇ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ. ನೀವು ಪಂಚೆ ಉಟ್ಟು ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಲು ಬರುತ್ತೀರಿ. ಮಗಳು ಕಿರುಚುತ್ತಾಳೆ. ನೀವು ನಗುತ್ತಾ ಅಕ್ಷತೆ ಎರಚಿ, ಅಡುಗೆಮನೆಯ ಕಡೆ ತಿರುಗಿ "ಜಯಾ..." ಎನ್ನುತ್ತೀರಿ. ಅಷ್ಟಕ್ಕೇ ಪರದೆ ಕಪ್ಪಾಗುತ್ತಿತ್ತು.

ಒಂದು ಸಲವಲ್ಲ, ನೋಡಿದಾಗಲೆಲ್ಲ ಅಲ್ಲಿಗೇ. "ಮಮ್ಮಿ, ಇಥೇಚ್ ಬಂದ್ ಪಡ್ತೋ," ಇಲ್ಲಿಗೇ ನಿಂತುಹೋಗ್ತದೆ ಎಂದು ತನ್ನ ಮರಾಠಿಯಲ್ಲಿ ಹೇಳಿ ಮಗಳೂ ಬಿಳಿಚಿಕೊಂಡಳು. ವೈರಸ್ ಹುಡುಕಿದಳು, ಬ್ಯಾಟರಿ ತೆಗೆದು ಹಾಕಿದಳು. ಪೆನ್‌ಡ್ರೈವಿಗೆ ಇಳಿಸಲು ಹೋದರೆ ಅದೂ ಅರ್ಧಕ್ಕೇ ನಿಂತಿತು. ಮುಂದೆ ಓಡಿಸಿ ನೋಡೋಣವೆಂದಾಗ ನಾನೇ ಬೇಡವೆಂದೆ. ನಿಮ್ಮ ನಗುವನ್ನು ಹಾರಿಸಿ ಹೋಗಲು ಮನಸ್ಸು ಬರಲಿಲ್ಲ.

ಮುಟ್ಟಿದರೆ ಅದರ ಮೈ ನಿಮ್ಮ ಕಡೆಯ ವಾರದ ಜ್ವರದ ಹಾಗೆ ಸುಡುತ್ತಿತ್ತು. ಆಸ್ಪತ್ರೆಯಲ್ಲೂ ನೀವು "ಜಯಾ" ಎಂದಷ್ಟೇ ಹೇಳಿ ಹೋಗಿಬಿಟ್ಟಿರಿ. ಆ ಉಳಿದ ಮಾತು ಈ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದೆ, ನೀವು ಒಳಗೆ ಒದ್ದಾಡುತ್ತಿದ್ದೀರಿ ಎಂದು ನನಗೆ ಅನ್ನಿಸತೊಡಗಿತು. ಬಚ್ಚಲಲ್ಲಿ, ಲಿಫ್ಟಿನಲ್ಲಿ, ಎಲ್ಲಿ ಹೋದರೂ ಬೆನ್ನ ಹಿಂದೆ ಯಾರೋ "ಜಯಾ" ಎಂದ ಹಾಗೆ. ನಿಮ್ಮನ್ನು ಕಂಡು ನನಗೆ ಭಯವಾದದ್ದು ಅದೇ ಮೊದಲು.

ನಿನ್ನೆ ಸ್ಟೇಷನ್ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಬಾಗಲಕೋಟೆಯ ರಾಜಶೇಖರ ಅದನ್ನು ಬಿಚ್ಚಿದರು. "ಅಕ್ಕಾರ, ಇದರಾಗ ಪೂಜಿ ಸಾಮಾನ ತುಂಬೇದ ನೋಡ್ರಿ! ಫ್ಯಾನ್ ತಿರುಗೂದರ ಹ್ಯಾಂಗ?" ಎಂದು ನಕ್ಕರು. ಒಣಗಿದ ಗೊಂಡೆಹೂವಿನ ಎಸಳು, ಅರಿಶಿನ ಹಚ್ಚಿದ ಅಕ್ಕಿಕಾಳು. ಹೂ ನಿಲ್ಲಲು ಬೇರೆ ಜಾಗವಿಲ್ಲವೆಂದು ಪ್ರತಿ ವರ್ಷವೂ ಗಾಳಿಯಾಡುವ ಕಿಂಡಿಗೇ ಸಿಕ್ಕಿಸುತ್ತಿದ್ದಿರಲ್ಲ, ಮಹಾಭಕ್ತರು! ಪ್ರತಿ ಸಲವೂ ಶುರು ಮಾಡಿದ ಅಷ್ಟೇ ಹೊತ್ತಿಗೆ ಬಿಸಿ ಏರಿ ಅದು ತಾನಾಗಿಯೇ ನಿಂತುಬಿಡುತ್ತಿತ್ತಂತೆ. ನಾನೂ ನಕ್ಕೆ. ಎಸಳುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದೆ.

ಇಂದು ಬೆಳಿಗ್ಗೆ ನಿಮ್ಮ ಫೋಟೊದ ಮುಂದೆ ದೀಪ ಹಚ್ಚಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೊ ಹಾಕಿದೆ. ಅಕ್ಷತೆ ಎರಚಿದಿರಿ. ತಿರುಗಿದಿರಿ. ಪರದೆ ಕಪ್ಪಾಗಲಿಲ್ಲ.

"ಜಯಾ, ಫ್ಯಾನ್ ಬಂದ್ ಮಾಡು ಮಾರಾಯ್ತಿ, ದೀಪ ನಂದ್ತದೆ."

ಇಷ್ಟೇನಾ ರೀ? ಇಷ್ಟಕ್ಕೆ ನನ್ನನ್ನು ಇಷ್ಟು ದಿನ ಕಾಡಿದಿರಾ? ಹಾಗೆಂದು ಕೇಳಬೇಕೆಂದಿದ್ದೆ. ಆದರೆ ಅಷ್ಟರಲ್ಲಿ ನಾನು ಎದ್ದು ಹೋಗಿ, ನಮ್ಮ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನ್ ಬಂದ್ ಮಾಡಿ ಆಗಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. ನಿಮ್ಮ ಮುಂದೆ ಈಗಲೋ ಆಗಲೋ ಎನ್ನುತ್ತಿದ್ದ ದೀಪ ನೆಟ್ಟಗೆ ನಿಂತಿತು.

ಇರುವಲ್ಲಿ ತಣ್ಣಗಿರಿ. ಇಲ್ಲಿ ದೀಪ ಉರಿಯುತ್ತಿದೆ.

ಕರೆದರೆ ಈಗಲೂ ಏಳುವ,
ನಿಮ್ಮ ಜಯಲತಾ