ನಗಬಾರದ ಒಂಬತ್ತು ದಿನ

ದಾವಣಗೆರೆ,
9-3-1958, ಭಾನುವಾರ

ಪ್ರೀತಿಯ ಕಮಲಕ್ಕಾ,

ನಿನ್ನ ತಮ್ಮನ ನಮಸ್ಕಾರಗಳು. ಹೇಗಿದ್ದೀ? ಬೆನ್ನುನೋವು ಇಳಿಯಿತೇ? ಅತ್ತೆಯವರು ಕೊಡುವ ಬಾಣಂತಿ ಖಾರವನ್ನು ಮುಖ ಕಿವುಚದೆ ತಿನ್ನುತ್ತಿದ್ದೀಯೋ, ಇಲ್ಲ ಹರಿಹರದ ಮನೆಯಲ್ಲಿ ಬೇವಿನ ಕಷಾಯಕ್ಕೆ ಕಾಣಿಸುತ್ತಿದ್ದ ಗತಿಯನ್ನೇ ಅರಸೀಕೆರೆಯ ಕಿಟಕಿಯಿಂದ ಇದಕ್ಕೂ ಕಾಣಿಸುತ್ತಿದ್ದೀಯೋ? ಕೂಸು ರಾತ್ರಿ ಮಲಗುತ್ತದೆಯೇ? ಭಾವನವರಿಗೆ ರೈಲ್ವೆಯಲ್ಲಿ ಹಗಲು ಪಾಳಿ ಸಿಕ್ಕಿತೆಂದು ನೀನು ಬರೆದಿದ್ದೆ. ಸಂತೋಷ. ರೈಲಿನ ಸದ್ದಿಗೂ ಏಳದ ಮನುಷ್ಯ ಕೂಸಿನ ಸದ್ದಿಗೆ ಏಳುತ್ತಾರೆಂದು ನಂಬಿ ಕೂರಬೇಡ.

ಕ್ಷೇಮಸಮಾಚಾರ ಕೇಳಿದ್ದಾಯಿತು. ಇನ್ನು ಬಲಗೈಯನ್ನು ನಿಘಂಟಿನ ಮೇಲಿಟ್ಟು ಒಂದು ತಪ್ಪೊಪ್ಪಿಗೆ. ಹತ್ತಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತನೂ, ಬಿ.ಎ. ಪದವೀಧರನೂ, ಇದುವರೆಗೆ ಯಾವ ಠಾಣೆಯ ಮೆಟ್ಟಿಲನ್ನೂ ಹತ್ತದವನೂ ಆದ ನಾನು, ಇದೇ ತಿಂಗಳು ಮೂರನೆಯ ತಾರೀಖು ಸೋಮವಾರ ಬೆಳಿಗ್ಗೆ, ಸ್ವಸ್ಥಚಿತ್ತದಿಂದ, ಕ್ಷೌರದ ಬ್ಲೇಡನ್ನು ಆಯುಧವಾಗಿ ಬಳಸಿ, ಪಂಚಾಕ್ಷರಪ್ಪನವರ ಬಾಡಿಗೆ ಪುಸ್ತಕಾಲಯಕ್ಕೆ ಸೇರಿದ ಒಂದು ಪ್ರಣಯ ಪತ್ತೇದಾರಿ ಕಾದಂಬರಿಯ ಕೊನೆಯ ಹದಿನಾರು ಪುಟಗಳನ್ನು ಕತ್ತರಿಸಿ ಕೋಟಿನ ಒಳಜೇಬಿಗೆ ಇಳಿಸಿದೆ. ಸಣ್ಣತಿಮ್ಮಪ್ಪನೆಂಬ ನಾನು ಮಾಡಿದ ಅಪರಾಧ ಸಣ್ಣದಲ್ಲದೆ ದೊಡ್ಡದಾದೀತೇ ಎಂದು ವಾದಿಸಬಹುದಿತ್ತು. ವಾದಿಸುವುದಿಲ್ಲ. ಶಿಕ್ಷೆ ಕೊಡುವ ಮೊದಲು ಪೂರ್ತಿ ಕೇಳು. ಇದರ ಕೊನೆಗೆ ಒಂದು ಗೆಲುವಿದೆ, ಆ ಗೆಲುವಿನಲ್ಲಿ ನಿನಗೊಂದು ಸೋಲೂ ಇದೆ.

ಅವ್ವನ ಬಲಗಣ್ಣಿನ ಪೊರೆ ತೆಗೆಯುವ ದಿನ ಫೆಬ್ರವರಿ ಇಪ್ಪತ್ತೆಂಟು ಎಂದು ಗೊತ್ತಾದಾಗ ನೀನು ಬರೆದ ಕಾಗದ ಇಲ್ಲೇ ಇದೆ. ಆರು ವರ್ಷದ ಹಿಂದೆ ಎಡಗಣ್ಣಿಗೆ ಆದದ್ದನ್ನು ಮರೆಯಬೇಡ, ಮೂರನೆಯ ದಿನ ಹೆಪ್ಪು ಹಾಕದೆ ಬಂದ ಹಾಲು ನೆನಪಾಯಿತೆಂದು ಅವ್ವ ಹಾಸಿಗೆಯಿಂದ ಧಡಕ್ಕನೆ ಎದ್ದದ್ದು, ಆ ಕಣ್ಣು ಅಲ್ಲಿಗೆ ಮುಗಿದದ್ದು, ಈಗ ಉಳಿದಿರುವುದು ಒಂದೇ ಎಂದು ಬರೆದಿದ್ದೆ. ಕಣ್ಣು ಕಾಣದ ತಾಯಿ ಬಾಣಂತನ ಮಾಡಲಾರಳೆಂದು ನೀನು ಅತ್ತೆಯ ಮನೆಯಲ್ಲೇ ಹೆತ್ತದ್ದು ಅವ್ವನಿಗೆ ಎಷ್ಟು ಚುಚ್ಚಿತ್ತೆಂದು ನನಗೆ ಗೊತ್ತು. ಆಪರೇಷನ್ನಿನ ಹಿಂದಿನ ದಿನವೂ ಆಕೆ ಕೇಳಿದ್ದು ಒಂದೇ: "ಕೂಸಿನ ಮಕ ಕಾಣ್ತದೇನೋ ತಿಮ್ಮಾ, ಬರೇ ತಲೆ ಸವರಿ ಕಳಿಸಬೇಕೋ?"

ಕಾಗದದ ಕೊನೆಯಲ್ಲಿ ನೀನು ಚಿಕಿತ್ಸೆಯನ್ನೂ ಬರೆದಿದ್ದೆ. ದಿನವೂ ನಿನ್ನ ಜಾತಿಯ ಕಾದಂಬರಿಯೊಂದನ್ನು ಓದಬೇಕು, ಎದೆ ಡವಗುಟ್ಟುವ ಕಡೆ ನಿಲ್ಲಿಸಬೇಕು, ಮುಂದೇನಾಯಿತೆಂಬ ಆಸೆಗೆ ಅವ್ವ ಮರದ ಕೊರಡಿನಂತೆ ಮಲಗುತ್ತಾಳೆ. ಓದಿ ನಕ್ಕೆ. ನಮ್ಮಿಬ್ಬರ ಜಗಳ ಗೊತ್ತೇ ಇದೆ. ಹರಿಹರದ ಪಡಸಾಲೆಯಲ್ಲಿ ನೀನು ಕೊಲೆಯ ಪ್ರಕರಣ ಓದಿದ ದಿನ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ನಾನು ಹಳೆಯ ಪ್ರಹಸನ ಓದಿದ ದಿನ ಅವ್ವ ನಗುನಗುತ್ತ ಆರಿಸಿದ ಕಲ್ಲನ್ನೂ ಅಕ್ಕಿಯನ್ನೂ ಮತ್ತೆ ಬೆರೆಸಿಬಿಡುತ್ತಿದ್ದಳು. ನಿನ್ನಿಂದ ಹಾಲು ಹೋಯಿತು, ನನ್ನಿಂದ ಹಲ್ಲು. ಆದರೂ ನನ್ನ ಪಕ್ಷ ನನ್ನದೇ. ಪತ್ತೇದಾರಿಯಲ್ಲಿ ಓದುವವನಿಗೆ ಗೊತ್ತಿಲ್ಲದ್ದು ಬರೆದವನಿಗೆ ಗೊತ್ತು. ಅವನು ಕತ್ತಲಲ್ಲಿ ನಮ್ಮನ್ನು ಕೈಹಿಡಿದು ಎಳೆದೊಯ್ಯುತ್ತಾನೆ, ಕೊನೆಗೆ ದೀಪ ಹಚ್ಚಿ ನಮ್ಮ ದಡ್ಡತನವನ್ನು ನಮಗೇ ತೋರಿಸುತ್ತಾನೆ. ಪ್ರಹಸನದಲ್ಲಿ ದೀಪ ಮೊದಲಿಂದಲೇ ಉರಿಯುತ್ತಿರುತ್ತದೆ. ಪೆಟ್ಟಿಗೆಯೊಳಗೆ ಕೂತವನು ಅಳಿಯನೆಂದು ಮಾವನೊಬ್ಬನಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತು. ಒಂದು ನಮ್ಮನ್ನು ಹೆದರಿಸಿ ಚಿಕ್ಕವರನ್ನಾಗಿ ಮಾಡುತ್ತದೆ, ಇನ್ನೊಂದು ನಗಿಸಿ ದೊಡ್ಡವರನ್ನಾಗಿ ಮಾಡುತ್ತದೆ. ಇನ್ನು ಪತ್ತೇದಾರಿಗೆ ಪ್ರಣಯ ಸೇರಿದರಂತೂ ಮುಗಿಯಿತು. ಈತ ಆಕೆಗೆ ತಾಳಿ ಕಟ್ಟುತ್ತಾನೋ ಕತ್ತು ಹಿಸುಕುತ್ತಾನೋ ಎಂಬುದೊಂದೇ ಪ್ರಶ್ನೆ, ಎರಡಕ್ಕೂ ಕೈ ಹೋಗುವುದು ಕೊರಳಿಗೇ. ಒಂದು ಅಕ್ಷರ ಜಾರಿದರೆ ಪ್ರಣಯ ಪ್ರಳಯ.

ಹೀಗೆಂದುಕೊಂಡು ಮೊದಲ ದಿನ ನನ್ನ ಕಾಲೇಜು ಕಾಲದ ಪ್ರಹಸನವೊಂದನ್ನು ಕಂಕುಳಲ್ಲಿಟ್ಟುಕೊಂಡೇ ದೊಡ್ಡಾಸ್ಪತ್ರೆಗೆ ಹೋದೆ. ಅವ್ವನನ್ನು ಅಂಗಾತ ಮಲಗಿಸಿದ್ದರು. ತಲೆಯ ಎರಡೂ ಪಕ್ಕಕ್ಕೆ ಮರಳಿನ ಚೀಲ, ಎರಡೂ ಕಣ್ಣು ಮುಚ್ಚಿ ಮದುಮಗನ ರುಮಾಲಿನಂತೆ ಸುತ್ತಿದ ಬಿಳಿ ಪಟ್ಟಿ. ಡಾಕ್ಟರು ಹೊರಗೆ ನಿಲ್ಲಿಸಿ ಹೇಳಿದರು: ಒಂಬತ್ತು ದಿನ ಅಲುಗಾಡಬಾರದು, ಕೆಮ್ಮಬಾರದು, ಸೀನಬಾರದು, ಮಾತಾಡಬಾರದು, ಮುಖ್ಯವಾಗಿ ನಗಬಾರದು, ನಕ್ಕರೆ ಹೊಲಿಗೆ ಬಿಡುತ್ತದೆ. ನನ್ನ ಪುಸ್ತಕವನ್ನು ನೋಡಿ, "ಇದನ್ನ ವಾರ್ಡಿನೊಳಗೆ ತರಬ್ಯಾಡ್ರಿ" ಎಂದರು. ಅಕ್ಕಾ, ಇದನ್ನು ಗಮನಿಸು. ಹಾಸ್ಯಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಪರಿಷತ್ತಿನವರು ಕೊಟ್ಟಾರು? ದೇಹದ ಹೊಲಿಗೆ ಬಿಚ್ಚುವ ಶಕ್ತಿ ಇದೆಯೆಂದು ವೈದ್ಯಶಾಸ್ತ್ರವೇ ಒಪ್ಪಿದ ಸಾಹಿತ್ಯ ಅದೊಂದೇ. ನಿನ್ನ ಪತ್ತೇದಾರಿಯನ್ನು ಯಾವ ಡಾಕ್ಟರೂ ನಿಷೇಧಿಸಲಿಲ್ಲ, ಪಥ್ಯದ ಗಂಜಿಯ ಹಾಗೆ ಅದಕ್ಕೆ ಅಪ್ಪಣೆ ಸಿಕ್ಕಿತು.

ಅಪ್ಪಣೆಯಂತೆ ಪಂಚಾಕ್ಷರಪ್ಪನವರ ಅಂಗಡಿಯಿಂದ ಒಂದನ್ನು ತಂದೆ. ನಿನ್ನ ರುಚಿಗೆ ತಕ್ಕದ್ದೇ. ಹೊಳೆದಂಡೆಯ ಬಂಗಲೆ, ಗಂಡ ಸತ್ತ ಶ್ರೀಮಂತೆ, ಆಕೆಗೆ ಸಂಗೀತ ಹೇಳಿಕೊಡಲು ಬಂದ ತರುಣಿ, ಆ ತರುಣಿ ಮನಸೋಲುವ ಮೈದುನ. ಪ್ರತಿ ಅಮಾವಾಸ್ಯೆಗೂ ಸತ್ತ ಗಂಡನ ಅಕ್ಷರದಲ್ಲೇ ಒಂದು ಚೀಟಿ ಬರುತ್ತದೆ: "ನಿಲ್ಲಿಸು, ಇಲ್ಲದಿದ್ದರೆ ಒಂದು ಜೀವ ಹೋಗುತ್ತದೆ." ಮೈದುನನ ಕೋಟಿನಲ್ಲೇ ಮಸಿಯ ಕಲೆ. ಕೊಲೆಗೂ ಕಲೆಗೂ ಇಷ್ಟೇ ಅಂತರ.

ಅವ್ವ ಮಾತಾಡಬಾರದಲ್ಲ, ಅದಕ್ಕೆ ನಾನೊಂದು ಸಂಕೇತ ಮಾಡಿದೆ. ಆಕೆಯ ಕೈ ಹಿಡಿದು, ಕಿವಿಗೆ ಬಾಗಿ "ಓದ್ಲಾ ಅವ್ವಾ?" ಎಂದು ಕೇಳುವುದು, ಓದು ಎಂದಾದರೆ ಒಂದು ಸಲ ಒತ್ತುವುದು, ಸಾಕು ಎಂದಾದರೆ ಎರಡು ಸಲ. ಮೊದಲ ಸಲ ಕೇಳಿದ ಕೂಡಲೇ ಒಂದು ಸಲ ಒತ್ತಿದಳು. ದಿನವೂ ಸಂಜೆ ನಾಲ್ಕರಿಂದ ಆರರವರೆಗೆ, ಪ್ರತಿ ಪ್ರಕರಣ ಮುಗಿದಾಗಲೂ ಕೇಳಿದೆ, ಪ್ರತಿ ಸಲವೂ ಒತ್ತಿದಳು. ಎರಡು ಸಲ ಒತ್ತಿದ್ದು ಒಂದು ದಿನವೂ ಇಲ್ಲ.

ಇನ್ನು ಆ ಮೂರನೆಯ ದಿನ. ನಾನು ಹೋಗುವ ಹೊತ್ತಿಗೆ ಅವ್ವನ ಬೆರಳು ಚಾದರವನ್ನು ಹಿಂಡುತ್ತಿದ್ದವು, ಕಾಲು ಒದ್ದಾಡುತ್ತಿದ್ದವು. ಪಕ್ಕದ ಮಂಚದಲ್ಲಿ ಮುರಿದ ಕೈಗೆ ಪಟ್ಟು ಹಾಕಿಸಿಕೊಂಡಿರುವ ಶಾಮನೂರಿನ ಉಚ್ಚೆಂಗೆಮ್ಮ, "ಮಧ್ಯಾನ್ದಿಂದ ಹಿಂಗ ಐತಪ್ಪ, ಏಳ್ತಾಳ ಅಂತ ನನ್ ಜೀವಾನೇ ಕೈಯಾಗ ಹಿಡ್ಕಂಡೀನಿ, ಇರೋದೊಂದು ಕೈಯಾಗ" ಎಂದಳು. ನೋಡನೋಡುತ್ತ ಅವ್ವನ ಕತ್ತು ದಿಂಬಿನಿಂದ ಒಂದು ಬೆರಳಷ್ಟು ಮೇಲೆದ್ದಿತು. ನನಗೆ ಹಾಲಿನ ಪಾತ್ರೆ ಕಣ್ಣಿಗೆ ಕಟ್ಟಿತು. ಕೈ ಹಿಡಿದು ಕಿವಿಯ ಹತ್ತಿರ ಬಾಗಿ, "ಓದ್ಲಾ ಅವ್ವಾ? ಓದ್ಲಾ? ಓದ್ಲಾ?" ಎಂದು ಒಂದೇ ಸಮ ಕೇಳಿದೆ. ಅವ್ವ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಳು, ಕತ್ತನ್ನು ಮೆಲ್ಲನೆ ದಿಂಬಿಗಿಳಿಸಿದಳು. ಮೈದುನ ದೋಣಿಯ ಹಗ್ಗ ಬಿಚ್ಚುವವರೆಗೆ ಓದಿದೆ. ಅವ್ವ ಕೊರಡಿನಂತೆ ಮಲಗಿದ್ದಳು. ಅಂದು ಸಂಜೆ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು, ಕಥೆ ಕಣ್ಣು ಕಾಯುತ್ತದೆ ಎಂದುಕೊಂಡೆ. ಪೊರೆ ಎಂಬ ಮಾತಿಗೆ ಕಾಪಾಡು ಎಂಬ ಅರ್ಥವೂ ಇರುವುದು ಸುಮ್ಮನಲ್ಲ.

ಇಷ್ಟಾದ ಮೇಲೆ ನನ್ನ ಅಪರಾಧದ ಕಾರಣ ನಿನಗೇ ಹೊಳೆಯಬೇಕು. ಆ ವಾರ್ಡಿನ ನರ್ಸು ನಾಗರತ್ನಮ್ಮನವರು ಸಾಧ್ವಿ, ಕೈ ಹಗುರ, ಬಾಯಿ ಅದಕ್ಕಿಂತ ಹಗುರ. ಸ್ಟೂಲಿನ ಮೇಲಿಟ್ಟು ಬರುತ್ತಿದ್ದ ಪುಸ್ತಕವನ್ನು ಬಿಡುವಿದ್ದಾಗಲೆಲ್ಲ ಓದಿ ನಮಗಿಂತ ಐವತ್ತು ಪುಟ ಮುಂದೆ ಹೋಗಿದ್ದರು. ಸೋಮವಾರ ಬೆಳಿಗ್ಗೆ ಕಾಫಿ ಕೊಡಲು ಹೋದರೆ ಬಾಗಿಲಲ್ಲೇ, "ಇನ್ನೊಂದೀಟು ಉಳಿದೈತ್ರಿ, ಸಂಜೀಕೆ ಎಲ್ರಿಗೂ ಹೇಳಿಬಿಡ್ತೀನಿ ಯಾರು ಅಂತ" ಎಂದರು. ಕೊಲೆಗಾರ ಯಾರೆಂದು ತಿಳಿದ ಮೇಲೆ ಅವ್ವ ಯಾತಕ್ಕಾಗಿ ಮಲಗಿರಬೇಕು? ಮನೆಗೆ ಓಡಿದೆ, ಬ್ಲೇಡು ತಂದೆ, ಸ್ಟೂಲಿನ ಮರೆಯಲ್ಲಿ ಕೂತು ಆಪರೇಷನ್ ಮಾಡಿದೆ. ನಾಗರತ್ನಮ್ಮನವರು ನಾಲ್ಕು ದಿನ ಮುಖ ಊದಿಸಿಕೊಂಡೇ ಥರ್ಮಾಮೀಟರು ಇಟ್ಟರು. "ಓದೋರ ಹೊಟ್ಟಿ ಉರಿಸ್ತೀರಲ್ರೀ, ನಿಮಗ ಒಳ್ಳೇದಾಗ್ತದೇನ್ರಿ" ಎಂದು ಶಾಪವನ್ನೂ ಕೊಟ್ಟರು.

ಎಂಟನೆಯ ದಿನ ಕೊನೆ ಓದಬೇಕಿತ್ತು. ಆ ಹದಿನಾರು ಪುಟವನ್ನು ಮೊದಲು ನಾನೊಬ್ಬನೇ ಓದಿಕೊಂಡೆ. ನಿನ್ನ ಪತ್ತೇದಾರಿ ಬರೆಯುವವರು ಎಷ್ಟು ನಿರ್ದಯರು ಅಕ್ಕಾ. ಮೈದುನನೇ ಕೊಲೆಗಾರ, ಚೀಟಿಗಳೆಲ್ಲ ಅವನ ಕೈಚಳಕ, ಅವನು ಹೊಳೆಗೆ ಬೀಳುತ್ತಾನೆ, ತರುಣಿ ತಂಬೂರಿಯನ್ನು ಅವುಚಿಕೊಂಡು ಮಳೆಯಲ್ಲಿ ನಡೆದುಹೋಗುತ್ತಾಳೆ. ಮರುದಿನ ಪಟ್ಟಿ ಬಿಚ್ಚುವ ಕಣ್ಣಿಗೆ ಇಂದು ನೀರು ತರಿಸುವುದೇ? ನಗಬಾರದೆಂದವರು ಅಳಬಹುದೆಂದು ಹೇಳಿರಲಿಲ್ಲ. ಇಷ್ಟು ದಿನ ತಡೆದುಕೊಂಡವಳು ಒಂದು ನಗುವನ್ನೂ ತಡೆದುಕೊಂಡಾಳೆಂದು ನಂಬಿ, ಪುಟಗಳನ್ನು ಮುಂದೆ ಹಿಡಿದುಕೊಂಡು, ಅವುಗಳಲ್ಲಿಲ್ಲದ್ದನ್ನು ಓದಿದೆ. ನನ್ನ ಕೊನೆ ಕೇಳು. ಶ್ರೀಮಂತೆಯ ಗಂಡ ಸತ್ತೇ ಇಲ್ಲ. ಹೆಂಡತಿ ಸಂಗೀತ ಕಲಿಯುತ್ತೇನೆಂದು ಮೊದಲು ಹೇಳಿದ ದಿನವೇ ಹೆದರಿ ಹೊಳೆದಂಡೆಯಲ್ಲಿ ಚಪ್ಪಲಿ ಬಿಟ್ಟು ಓಡಿಹೋದವನು, ಅಟ್ಟದಲ್ಲೇ ಅಡಗಿದ್ದಾನೆ. ಹಾಡು ತಾಳಲಾರದಾದಾಗಲೆಲ್ಲ ಚೀಟಿ ಬರೆದು ತಮ್ಮನ ಕೈಯಲ್ಲಿ ಕಳಿಸುತ್ತಾನೆ: ನಿಲ್ಲಿಸು, ಇಲ್ಲದಿದ್ದರೆ ಒಂದು ಜೀವ ಹೋಗುತ್ತದೆ. ಹೋಗುವ ಆ ಜೀವ ಅವನದೇ. ಉಚ್ಚೆಂಗೆಮ್ಮನ ಮಂಚ ಗಡಗಡ ಅಲುಗಾಡಿತು. ಬಾಯಿಗೆ ಸೆರಗು ತುರುಕಿಕೊಂಡು, "ಸಾಕೋ ಮಾರಾಯ, ಮುರಿದ ಕೈ ಮತ್ತ ಮುರೀತದ" ಎಂದಳು. ನಾಗರತ್ನಮ್ಮನವರು ಶಾಪವನ್ನು ಅಲ್ಲೇ ಹಿಂತೆಗೆದುಕೊಂಡರು. ಅವ್ವ ನಗಲಿಲ್ಲ, ತುಟಿಯೂ ಅಲುಗಲಿಲ್ಲ. ಕೈಯನ್ನು ಮಾತ್ರ ಬಿಡಲಿಲ್ಲ. ಅಪ್ಪಣೆ ಮೀರದೆ ನಗುವುದು ಹೀಗೆ ಎಂದು ಲೋಕಕ್ಕೆ ತೋರಿಸಿದಳು.

ನಿನ್ನೆ ಶನಿವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಸುತ್ತು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಡಾಕ್ಟರು ಮೂರು ಬೆರಳೆತ್ತಿ, "ಎಷ್ಟವ್ವಾ?" ಎಂದರು. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಮೂರ್ ಅದಾವ್ರಿ" ಎಂದಳು. ಆಮೇಲೆ ಇನ್ನಷ್ಟು ನೋಡಿ, "ಉಗುರು ತಕ್ಕಳ್ರಿ ಡಾಕ್ಟ್ರೆ, ಬೆಳದಾವೆ" ಎಂದಳು. ಕಮಲಕ್ಕಾ, ಕಣ್ಣು ಬಂತು. ಡಾಕ್ಟರು ಬೆರಳು ಮಡಚಿ ಜೇಬಿಗಿಟ್ಟುಕೊಂಡು ತಾವೇ ನಕ್ಕರು. ಒಂಬತ್ತು ದಿನ ತಡೆಹಿಡಿದಿದ್ದ ನಗುವೆಲ್ಲ ವಾರ್ಡಿನಲ್ಲಿ ಒಮ್ಮೆಲೇ ಒಡೆಯಿತು. ಮಸುಕಿದೆ, ಕನ್ನಡಕ ಬರಲು ಒಂದೂವರೆ ತಿಂಗಳು ಬೇಕು. ಆದರೆ ಕೂಸನ್ನು ಎತ್ತಿಕೊಂಡು ಬಾ, ತಲೆ ಸವರಿ ಕಳಿಸುವ ಪ್ರಮೇಯ ಇಲ್ಲ.

ಸಂಜೆ ಪುಟಗಳನ್ನು ಒಯ್ದು ಪಂಚಾಕ್ಷರಪ್ಪನವರ ಮುಂದಿಟ್ಟು ಶರಣಾದೆ. ಅವರು ಗೋಂದಿನ ಬಾಟಲಿ ನನ್ನ ಕಡೆ ತಳ್ಳಿ, "ನೀವಾ ಅಂಟಿಸ್ರಿ. ಸೊಟ್ಟ ಅಂಟಿಸಿದ್ರ ಮಾತ್ರ ಕ್ಷಮೆ ಇಲ್ಲ" ಎಂದರು. ಈಗ ತೀರ್ಪು ಕೇಳು. ನಿನ್ನ ಪತ್ತೇದಾರಿ ಎಂಟು ದಿನ ಕಾವಲು ಕಾಯಿತು, ಒಪ್ಪುತ್ತೇನೆ. ಆದರೆ ದಡ ಮುಟ್ಟಿಸಿದ್ದು ನನ್ನ ಪ್ರಹಸನ. ಹೆದರಿಸಿ ಮಲಗಿಸಬಹುದು, ನಗಿಸಿಯೇ ಎಬ್ಬಿಸಬೇಕು. ಎರಡನ್ನೂ ಓದಿ ಒಂದು ಕಣ್ಣು ಗೆದ್ದ ಗಂಡಸು ಮೈಸೂರು ರಾಜ್ಯದಲ್ಲಿ ನಾನೊಬ್ಬನೇ ಇದ್ದೇನು. ಪ್ರಹಸನವೆಂದರೆ ಬಾಳನ್ನು ಹಸನು ಮಾಡುವುದೆಂದು ನಿನ್ನ ಗೋಡೆಯ ಮೇಲೆ ಬರೆಸು. ಈ ಕಾಗದವನ್ನು ಭಾವನವರಿಗೆ ಗಟ್ಟಿಯಾಗಿ ಓದಿ ಹೇಳು.

ಅತ್ತೆಯವರಿಗೂ ಭಾವನವರಿಗೂ ನಮಸ್ಕಾರ. ಕೂಸಿಗೆ ಸೋದರಮಾವನ ಆಶೀರ್ವಾದ. ಅದು ಯಾವ ಪುಸ್ತಕ ಓದಬೇಕೆಂದು ನೀನೊಬ್ಬಳೇ ತೀರ್ಮಾನಿಸಬೇಡ.

ಗೆದ್ದ ತಮ್ಮ,
ಸಣ್ಣತಿಮ್ಮಪ್ಪ

ವಿ. ಸೂ.: ಇದನ್ನು ಭಾವನವರಿಗೆ ಓದಬೇಡ. ಟಪಾಲು ಡಬ್ಬಿಯ ಪಕ್ಕದಲ್ಲಿ ನಿಂತು ಗೀಚುತ್ತಿದ್ದೇನೆ. ಈಗ ತಾನೇ ಅವ್ವನಿಗೆ ಗಂಜಿ ಕೊಟ್ಟು ಬಂದೆ. ಮಾತಾಡಲು ಅಪ್ಪಣೆಯಾಗಿದೆಯಲ್ಲ, ಕಥೆಯ ಕೊನೆ ಹೇಗಿತ್ತವ್ವಾ ಎಂದು ಕೇಳಿದೆ. "ಯಾವ ಕಥೀನಪ್ಪ? ಕಿವಿ ಮ್ಯಾಲೆಲ್ಲ ಪಟ್ಟಿ ಸುತ್ತಿದ್ರು, ಗುಂಯ್ ಅಂತಿತ್ತು ಅಷ್ಟೆ" ಎಂದಳು. ಹಾಗಾದರೆ ನಾನು ಕೇಳಿದಾಗಲೆಲ್ಲ ಕೈ ಒತ್ತಿದ್ದು ಯಾಕೆ ಎಂದೆ. "ನೀನು ಬಂದು ಕುಂತ ಗಳಿಗಿಂದ 'ಓಗ್ಲಾ ಅವ್ವಾ, ಓಗ್ಲಾ ಅವ್ವಾ' ಅಂತಿದ್ದೆಲ್ಲೋ. ಓಗಬ್ಯಾಡ ಅಂತ ಇಡ್ಕಂತಿದ್ದೆ. ಮೂರನೇ ದಿನ ಅಂತೂ ಮೂರು ಮೂರು ಸಲ ಕೇಳಿದ್ಯಪ್ಪ, ಎದ್ದು ಬಡೀಬೇಕು ಅನ್ನಿಸ್ತು. ಎದ್ರೆ ನೀನು ಒಂಟೋಗ್ತೀ ಅಂತ ಸುಮ್ಮನೆ ಮಕ್ಕಂಡೆ." ಇಪ್ಪತ್ತೈದು ವರ್ಷದಿಂದ ನಮ್ಮ ಮನೆಯಲ್ಲಿ ಹಕಾರವನ್ನು ನುಂಗಿದ್ದಕ್ಕೆ ಇದು ಫಲ. ಎಂಟು ದಿನ ನಾನು ಓದಿದ್ದು ಉಚ್ಚೆಂಗೆಮ್ಮನಿಗೆ. ನಾಲ್ಕಕ್ಕೆ ಮತ್ತೆ ಹೋಗಬೇಕು, ಹೊರಡುವಾಗ ಅಪ್ಪಣೆ ಕೇಳಲು ನನಗೆ ಬಾಯಿಯೇ ಬರುವುದಿಲ್ಲ.