ಚಾರ್ಟಿನ ಕೆಳಗಿನ ಹೆಸರು

ಹುಮನಾಬಾದ
24 ಮೇ 1984

ಪ್ರೀತಿಯ ಅವ್ವನಿಗೆ,

ಕಲ್ಯಾಣದ ನಮ್ಮ ಮನೆಯ ಹೊಸ್ತಿಲಿಗೂ ನಿನಗೂ ಸುಗಂಧಾಳ ಶರಣು. ನಾನು ಚೆನ್ನಾಗಿದ್ದೇನೆ, ಊಟ ಸರಿಯಾಗಿ ಮಾಡುತ್ತೇನೆ. ಇದನ್ನು ಮೊದಲೇ ಬರೆಯದಿದ್ದರೆ ನೀನು ಮುಂದಿನದನ್ನು ಓದುವುದೇ ಇಲ್ಲ. ಅಂಬುಬಾಯಿ ಚಿಗವ್ವ ದಿನಾ ಒಂದು ರೊಟ್ಟಿ ಹೆಚ್ಚಿಗೆ ಹಾಕುತ್ತಾಳೆ. ಬೇಡ ಎಂದರೆ, "ನೀ ಒಣಗಿ ಹ್ವಾದರ ನಿಮ್ಮವ್ವ ನನ್ನ ಮಾರಿ ನೋಡಂಗಿಲ್ಲ, ತಿನ್ನು" ಎನ್ನುತ್ತಾಳೆ.

ರಜೆಯಲ್ಲಿ ಒಂದು ಕಾರ್ಖಾನೆಯ ಮ್ಯಾನೇಜ್‌ಮೆಂಟ್ ನೋಡಿ ರಿಪೋರ್ಟ್ ಬರೆಯಿರಿ ಎಂದು ಕಾಲೇಜಿನಲ್ಲಿ ಹೇಳಿದ್ದರಲ್ಲ, ಅದಕ್ಕೇ ಚಿಗವ್ವ ಕೆಲಸ ಮಾಡುವ ರೇಡಿಯೋ ಕಾರ್ಖಾನೆಗೆ ದಿನಾ ಹೋಗುತ್ತಿದ್ದೇನೆ. ಇದು ಹೈದರಾಬಾದಿನ ದೊಡ್ಡ ಕಂಪನಿಯದು. ಅವರಿಗೆ ಇಂಥ ಒಂಬತ್ತು ಕಾರ್ಖಾನೆಗಳು, ಮೂರು ಸಾವಿರ ಜನ. ಎಲ್ಲಕ್ಕೂ ಮೇಲಿನವರು ಜನರಲ್ ಮ್ಯಾನೇಜರ್ ಅಜೀಮುದ್ದೀನ್ ಸಾಹೇಬರು. ಮೂಲತಃ ನಮ್ಮ ಬೇಮಳಖೇಡದವರೇ, ವೈರಿಂಗ್ ಕೆಲಸದಿಂದ ಶುರು ಮಾಡಿದವರು. ಒಂದು ಪುಟಕ್ಕಿಂತ ಉದ್ದದ ರಿಪೋರ್ಟ್ ಓದುವುದಿಲ್ಲವಂತೆ. ನಾನು ನಲವತ್ತು ಪುಟ ಬರೆಯಬೇಕಾದವಳು! ಲೀಡರ್‌ಶಿಪ್ ಎಂಬ ಪಾಠವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ ಅವ್ವ. ಅದು ಏನೆಂದು ಈ ವಾರ ಕಣ್ಣಾರೆ ಕಂಡೆ.

ಸೋಮವಾರ ಹೊಸ ಮಾಡೆಲ್ಲಿನ ನಾನೂರು ರೇಡಿಯೋ ತಯಾರಾದವು. ಒಂದೂ ಬಾಯಿ ಬಿಡಲಿಲ್ಲ. ಒಳಗೆ ಟ್ರಾನ್ಸಿಸ್ಟರ್ ಅಂತ ಇರುತ್ತದೆ, ಕಡಲೆಕಾಳಿನಷ್ಟು, ಮೂರು ಕಾಲು. ಯಾವ ಕಾಲು ಯಾವ ತೂತಿಗೆ ಎಂಬ ಕಂಪನಿಯ ನಕ್ಷೆ ಬಹಳ ಸಣ್ಣದಿತ್ತು. ಅದಕ್ಕೆ ಚಿಗವ್ವ ಯಾರ ಕೈಯಿಂದಲೋ ದೊಡ್ಡ ಚಾರ್ಟ್ ಬರೆಸಿ ತಾನು ನೋಡಿಕೊಳ್ಳುವ ಜೋಡಣೆ ಲೈನಿನ ಹೆಣ್ಣುಮಕ್ಕಳ ಎದುರಿಗೆ ಹಚ್ಚಿದ್ದಳು. ಸೂಪರ್‌ವೈಜರ್ ವೈಜನಾಥ ಅವರಿಗೆ ಸಿಟ್ಟು ನೆತ್ತಿಗೇರಿತು. "ಯಾರ ಕೆಲಸ ಇದು? ಹೆಸರು ಹೇಳ್ರಿ!" ಹಾಸ್ಟೆಲ್ಲಿನ ವಾರ್ಡನ್ ನೆನಪಾದರು. 'ಹೂ ಡಿಡ್ ಇಟ್?' ಎಂದರೆ ಸಾಕು, ನಾವೆಲ್ಲ ನೆಲ ನೋಡುತ್ತ ನಿಲ್ಲುತ್ತಿದ್ದೆವು. ಇಲ್ಲಿ ಚಿಗವ್ವ ಮುಂದೆ ಬಂದಳು. "ನನ್ನ ಲೈನು, ನನ್ನ ತಪ್ಪದ್ರಿ." ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆಯುವ ನೋಟೀಸು ಟೈಪಾಯಿತು, ಸಾಹೇಬರ ಸಹಿ ಒಂದೇ ಬಾಕಿ.

ಮರುದಿನ ಮುಂಜಾನೆ ಸಾಹೇಬರ ಜೀಪು ಬಂತು. ಅವರು ಆಫೀಸಿನೊಳಗೆ ಕಾಲಿಡದೆ ನೇರವಾಗಿ ಬಂದು ಚಿಗವ್ವನ ಸ್ಟೂಲಿನ ಮೇಲೆ ಕೂತರು, ಅಂಗಿಯ ತೋಳು ಮಡಚಿದರು, ಎದುರಿನ ಚಾರ್ಟ್ ನೋಡುತ್ತ ತಾವೇ ಒಂದು ರೇಡಿಯೋ ಕೂಡಿಸಿದರು. ಗುಂಡಿ ತಿರುವಿದರೆ ಅದೂ ಮೂಕ.

"ನೋಡ್ರಿ ವೈಜನಾಥ, ಇಪ್ಪತ್ತಾರು ವರ್ಷ ಇದೇ ಧಂಧೆ ಮಾಡಿದವನ ಕೈಯಾಗೂ ಮೂಕಪ್ಪನೇ ಹುಟ್ಟಿದ. ನನಗೂ ಒಂದು ನೋಟೀಸ್ ಟೈಪ್ ಮಾಡಸ್ರಿ."

ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಕ್ಕರು. ವೈಜನಾಥ ಅವರೂ ನಗಬೇಕಾಯಿತು. ಸಾಹೇಬರು ಹೇಳಿದರು: "ಯಾರು ಅಂತ ಕೇಳಿದರ ಒಬ್ಬಾಕಿ ಅಳ್ತಾಳ. ಹ್ಯಾಂಗಾತು ಅಂತ ಕೇಳಿದರ ಹತ್ತು ಮಂದಿ ಹೇಳ್ತಾರ." ನಿಜಕ್ಕೂ ಹತ್ತು ಜನ ಹೇಳಿದರು. ಕಂಪನಿಯ ನಕ್ಷೆಯನ್ನು ಚಾರ್ಟಿನ ಪಕ್ಕ ಹಿಡಿದು ನೋಡಿದಾಗ ವಿಷಯ ಸಿಕ್ಕಿತು. ನಕ್ಷೆಯ ಅಡಿಯಲ್ಲಿ, ಇದು ಬುಡದ ಕಡೆಯಿಂದ ನೋಡಿದ ಚಿತ್ರ ಎಂಬ ಸಣ್ಣ ಸಾಲಿತ್ತು. ಚಾರ್ಟಿನಲ್ಲಿ ಆ ಸಾಲೇ ಇರಲಿಲ್ಲ. ಮೇಲಿನಿಂದ ನೋಡಿ ಕೂಡಿಸಿದವರು ಎಡಗಾಲನ್ನು ಬಲಕ್ಕೆ, ಬಲಗಾಲನ್ನು ಎಡಕ್ಕೆ ಹಾಕಿದ್ದರು.

"ಚಾರ್ಟ್ ಬರದವರು ಹೊಸದು ಬರೀಲಿ. ಕೆಳಗ ಹೆಸರು ಹಾಕ್ಲಿ. ಬೈಲಿಕ್ಕಲ್ಲ, ತಿಳೀಲಿಲ್ಲಂದ್ರ ಯಾರನ್ನ ಕೇಳಬೇಕಂತ ಗೊತ್ತಾಗ್ಲಿಕ್ಕ" ಎಂದರು.

ಚಿಗವ್ವ ತಟ್ಟನೆ, "ನಾನೇ ಬರದೀನ್ರಿ" ಎಂದಳು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವವಳು ಅವಳು, ನಿನಗೆ ಗೊತ್ತಲ್ಲ. ಸಾಹೇಬರಿಗೂ ಗೊತ್ತಿತ್ತೆಂದು ಕಾಣುತ್ತದೆ. ನಗಲಿಲ್ಲ, ಜೇಬಿನ ಪೆನ್ನು ತೆಗೆದು ಅವಳ ಕೈಗೆ ಕೊಟ್ಟರು. "ಭಾಳ ಛಲೋ ಅಕ್ಕ. ನಾಳಿ ಮುಂಜಾನಿ ತರ್ರಿ." ನೋಟೀಸನ್ನು ಮಡಚಿ ಮೇಜಿನ ಅಲುಗಾಡುವ ಕಾಲಿನ ಕೆಳಗೆ ಇಟ್ಟು ಹೊರಟರು.

ನಿನ್ನೆ ಹೊಸ ಚಾರ್ಟ್ ಬಂತು. ನಾನೂರೂ ಬಿಚ್ಚಿ ಕೂಡಿಸುತ್ತಿದ್ದಾರೆ. ಸರಿಯಾದ ಮೊದಲ ರೇಡಿಯೋ ಮಾತಾಡಿದಾಗ, "ಏ ಸುಗಂಧಾ, ಹಾಡಾಕತ್ತದ ನೋಡು!" ಎಂದು ಚಿಗವ್ವ ಕೂಗಿದಳು. ಅದು ಹಾಡಲ್ಲ, ಕೃಷಿ ವಾರ್ತೆ. ಯಾರಿಗೂ ಬೇಸರವಾಗಲಿಲ್ಲ.

ರಿಪೋರ್ಟ್ ಒಂದೇ ಪುಟದಲ್ಲಿ ಮುಗಿಸಲೇ ಎಂದು ಯೋಚಿಸುತ್ತಿದ್ದೇನೆ. ಮಾಸ್ತರರು ಫೇಲ್ ಮಾಡಿದರೆ ನೀನು ಬೈಯಬಾರದು.

ನಿನ್ನ ಹೆದರುಪುಕ್ಕಲಿ ಮಗಳು,
ಸುಗಂಧಾ

ತಾಜಾ ಕಲಂ: ಮೇಲೆ 'ಯಾರ ಕೈಯಿಂದಲೋ' ಎಂದು ಬರೆದಿದ್ದೇನಲ್ಲ, ಆ ಯಾರೋ ನಾನೇ ಅವ್ವ. ಚಾರ್ಟ್ ನಾನು ಬರೆದದ್ದು. ಆ ಸಣ್ಣ ಸಾಲಿನಿಂದ ಅಂದ ಕೆಡುತ್ತದೆಂದು ಬಿಟ್ಟಿದ್ದೆ. ಬರೆದವಳು ನಾನೆಂದು ಗೊತ್ತಿದ್ದವಳು ಚಿಗವ್ವ ಒಬ್ಬಳೇ. ಎರಡು ದಿನ ಅವಳ ರೊಟ್ಟಿ ತಿನ್ನುತ್ತ ಬಾಯಿ ಮುಚ್ಚಿಕೊಂಡಿದ್ದೆ. ಮಂಗಳವಾರ ಸಂಜೆ ಅವಳು ಒಲೆಯ ಮುಂದೆ ಹಾಳೆ ಹಾಸಿ, ಸಾಹೇಬರ ಪೆನ್ನನ್ನು ಸೌಟಿನ ಹಾಗೆ ಹಿಡಿದು ಗೆರೆ ಎಳೆಯತೊಡಗಿದಳು. ನೋಡಲಾಗಲಿಲ್ಲ, ಪೆನ್ನು ಕಸಿದುಕೊಂಡೆ. ನಿನ್ನೆ ಸಾಹೇಬರು ಮತ್ತೆ ಬಂದಾಗ ಲೈನಿನ ಎದುರು ನಿಂತು, ಬರೆದವಳು ನಾನೆಂದು ನಾನೇ ಹೇಳಿದೆ. ಸಾಹೇಬರು ಕೇಳಿದ್ದು ಒಂದೇ: "ಆ ಸಾಲು ಹ್ಯಾಂಗ ಬಿಟ್ಟು ಹೋತವ್ವ?" ಚಂದ ಕಾಣಲೆಂದು ಬಿಟ್ಟೆ ಎಂದೆ. "ಹೊಸದರಾಗ ಚಂದ ಕಡಿಮಿ ಆದರೂ ನಡೀತದ" ಎಂದರು. ಆಮೇಲೆ, ಬರೆದವರ ಹೆಸರಿನ ಜೊತೆಗೆ ಅದರ ಪ್ರಕಾರ ಕೈಯಾರೆ ಕೂಡಿಸಿ ನೋಡಿದವರ ಗುರುತೂ ಇರಬೇಕೆಂದರು. ಈಗ ಚಾರ್ಟಿನ ಕೆಳಗೆ ನನ್ನ ಹೆಸರಿದೆ, ಅದರ ಪಕ್ಕದಲ್ಲಿ ಚಿಗವ್ವನ ಹೆಬ್ಬೆಟ್ಟು.