ಹೊಸ ಬೀಗ

ಯೆರವಡಾ, ಪುಣೆ
೧೪-೧೦-೧೯೯೮

ಪೂಜ್ಯ ಚನ್ನಬಸಪ್ಪ ಕಾಕಾ ಅವರಿಗೆ ಶಶಿಕಲಾಳ ನಮಸ್ಕಾರಗಳು.

ನೀವು ನಮಗೆ ಮಾರಿದ ಈ ಮನೆಗೆ, ನಿಮ್ಮ ಹೆಸರಿಗೆ, ಜೈಲಿನಿಂದ ಮತ್ತೆ ಪತ್ರ ಬಂದಿದೆ. ಹಿಂದಿನವನ್ನು ನಿಮ್ಮ ಊರಿಗೆ ಕಳಿಸಿದರೆ ಒಡೆಯದೆ ತಿರುಗಿ ಕಳಿಸಿದಿರಿ. ಅದಕ್ಕೇ ಈ ಸಲ ನಾನೇ ಅದನ್ನು ಒಡೆದು ಓದಿ, ಒಡೆಯುವ ಕೆಲಸವಿಲ್ಲದ ಅಂಚೆ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಇದೇ ೨೬ರ ಸೋಮವಾರ ನಿಮ್ಮ ಮಗ ಮಾಂತುವಿನ ಬಿಡುಗಡೆಯಂತೆ.

ಆ ಪತ್ರ ತೋರಿಸಿ ನಿನ್ನೆ ಅವನನ್ನು ಕಾಣಲು ಜೈಲಿಗೆ ಮುಲಾಕಾತಿಗೆ ಹೋಗಿದ್ದೆ. ಮನೆ ಮಾರಿದ್ದೀರಿ ಎನ್ನಲು ನಾಲಿಗೆ ಏಳಲಿಲ್ಲ. ಬಾಡಿಗೆಗೆ ಇದ್ದೇವೆ ಎಂದೆ.

"ಅಕ್ಕಾರ, ಅಪ್ಪಗ ಮೊಣಕಾಲ ನೋವು ಭಾಳ ಅದ. ಇಲ್ಲಿತನಕ ಬರೂದು ಬ್ಯಾಡ ಅನ್ರಿ. ಮನಿ ಕೀಲಿಕೈ ಜೈಲಿನವರ ಕಡೆ ಇಟ್ಟ ನನ್ನ ಸಾಮಾನಿನ್ಯಾಗ ಅದ. ನಾನ ಬಾಗಲಾ ತಗದು ಒಳಗ ಬರ್ತೀನಿ" ಎಂದ.

ಕಾಕಾ, ಮನೆ ಬಿಟ್ಟುಕೊಡುವ ದಿನ ನಾವು ಬೇಡವೆಂದರೂ ನೀವೇ ಮುಂದಿನ ಬಾಗಿಲಿಗೆ ಹೊಸ ಬೀಗ ಕೂಡಿಸಿಕೊಟ್ಟಿರಿ. ನಮ್ಮ ಮೇಲಿನ ಕಾಳಜಿ ಎಂದುಕೊಂಡಿದ್ದೆವು.

ನೀವು ಬರುವುದಿಲ್ಲ ಎಂದು ಗೊತ್ತು. ಎರಡು ಸಾಲು ಬರೆದು ತಿಳಿಸಿ. ಆ ಸೋಮವಾರ ಅವನು ಹೊರಗೆ ನಿಂತು ಹಳೆಯ ಕೀಲಿಕೈ ತಿರುಗಿಸುತ್ತಿರುವಾಗ, ನಾನು ಒಳಗಿನಿಂದ ಏನೆಂದು ಹೇಳಲಿ?

ನಿಮ್ಮ ಮನೆಯಲ್ಲಿರುವ,
ಶಶಿಕಲಾ